ತುಳಿದದ್ದು ಮೈಗೆ ಹತ್ತುವುದು ಯಾವಾಗ?

ಪ್ರಶ್ನೆ: ನನಗೆ 38 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಐದು ತಿಂಗಳ ಹಿಂದೆ ಸೈಕಲ್ ತುಳಿಯಲು ಶುರು ಮಾಡಿದೆ. ವಾರಕ್ಕೆ ಆರು ದಿನ, ದಿನಕ್ಕೆ ಸುಮಾರು 75 ನಿಮಿಷ, ಒಂದೇ ದಾರಿ. ಮೊದಲ ಮೂರು ತಿಂಗಳು ಸರಾಸರಿ ವೇಗ ಏರುತ್ತಾ ಹೋಗಿ ಗಂಟೆಗೆ 24 ಕಿಲೋಮೀಟರ್ ಮುಟ್ಟಿತ್ತು. ಈಗ ಆರು ವಾರದಿಂದ ಇಳಿಯುತ್ತಿದೆ, 22 ದಾಟುತ್ತಿಲ್ಲ. ಬೆಳಿಗ್ಗೆ ಎದ್ದಾಗ ನಾಡಿ 58 ಇರುತ್ತಿತ್ತು, ಈಗ 66. ಮೆಟ್ಟಿಲು ಹತ್ತುವಾಗ ತೊಡೆ ಭಾರ. ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಮಂಡಿಯ ಮುಂಭಾಗ ನೋಯುತ್ತದೆ. ತೂಕ ಇಳಿಸಲೆಂದು ರಾತ್ರಿ ಊಟವನ್ನೂ ಕಡಿಮೆ ಮಾಡಿದ್ದೇನೆ. ಇನ್ನೂ ಜಾಸ್ತಿ ತುಳಿಯಬೇಕಾ? ರಜೆ ಮಾಡಿದರೆ ಗಳಿಸಿದ್ದೆಲ್ಲ ಹೋಗಿಬಿಡುತ್ತದೆ ಅನ್ನುವ ಭಯ. ತುಳಿಯುವುದೆಷ್ಟು, ಬಿಡುವು ಎಷ್ಟು, ಹದ ಹೇಗೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಜಾಸ್ತಿ ತುಳಿಯಬೇಡಿ. ನಾಳೆಯಿಂದ ಐದು ದಿನ ಸೈಕಲ್ ಮುಟ್ಟಲೇಬೇಡಿ. ಅದಾದ ಮೇಲೆ ಐದು ದಿನ, ದಿನ ಬಿಟ್ಟು ದಿನ, ಅರ್ಧ ಗಂಟೆ ಮಾತ್ರ, ತೀರಾ ಹಗುರವಾಗಿ. ರಾತ್ರಿ ಊಟವನ್ನು ಇವತ್ತಿನಿಂದಲೇ ಮೊದಲಿನ ಹಾಗೆ ಮಾಡಿ. ಯಾಕೆ ಅನ್ನುವುದನ್ನು ಈಗ ಹೇಳುತ್ತೇನೆ. ಕಾರಣ ಗೊತ್ತಿಲ್ಲದೆ ಸುಮ್ನೆ ಕೂರುವುದು ನಿಮ್ಮಂಥ ಉತ್ಸಾಹಿಗಳಿಗೆ ತುಂಬಾ ಕಷ್ಟ, ಅದು ನನಗೆ ಗೊತ್ತು.

ತಿಂದದ್ದು ಮೈಗೆ ಹತ್ತಲಿಲ್ಲ ಅನ್ನುತ್ತೇವಲ್ಲ, ನಿಮ್ಮ ಸೈಕಲ್ ಸವಾರಿಗೂ ಅದೇ ಆಗಿದೆ. ತುಳಿಯುವಾಗ ಯಾರೂ ಬಲವಾಗುವುದಿಲ್ಲ. 75 ನಿಮಿಷ ತುಳಿದು ಇಳಿದಾಗ ನೀವು ಹೊರಟಾಗ ಇದ್ದದ್ದಕ್ಕಿಂತ ದುರ್ಬಲವಾಗಿರುತ್ತೀರಿ. ಸ್ನಾಯುವಿನೊಳಗಿನ ಇಂಧನ ಖಾಲಿಯಾಗಿರುತ್ತದೆ, ಎಳೆಗಳಲ್ಲಿ ಸಣ್ಣಪುಟ್ಟ ಹಾನಿ ಆಗಿರುತ್ತದೆ. ಬಲ ಬರುವುದು ಆಮೇಲೆ, ನೀವು ಉಂಡು ಮಲಗಿದಾಗ. ದೇಹ ಹಾನಿಯನ್ನು ಸರಿಮಾಡುತ್ತಾ, ಮುಂದಿನ ಸಲಕ್ಕೆ ಬೇಕಾಗಬಹುದೆಂದು ಒಂದಿಷ್ಟು ಜಾಸ್ತಿಯೇ ಕಟ್ಟಿಕೊಳ್ಳುತ್ತದೆ. ಮೈ ಪಳಗುವುದು ಅಂದರೆ ಇದೇ. ಆ ಕಟ್ಟುವ ಕೆಲಸ ಮುಗಿಯುವ ಮೊದಲೇ ನೀವು ಮತ್ತೆ ಸೈಕಲ್ ಹತ್ತುತ್ತೀರಿ. ಒಂದೆರಡು ಸಲವಾದರೆ ಏನೂ ಆಗುವುದಿಲ್ಲ. ಐದು ತಿಂಗಳು ಬಿಡದೆ ಹೀಗೇ ಮಾಡಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಇದರ ಮೂಲ ರೂಪವನ್ನು ವಿವರಿಸಿದ್ದರು. ಒತ್ತಡ ಬಿದ್ದ ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ಎದುರಿಸಿ ನಿಲ್ಲುತ್ತದೆ, ಒತ್ತಡ ಬಿಡದೆ ಮುಂದುವರಿದರೆ ಸೋಲುತ್ತದೆ. ಅವರು ನೋಡಿದ್ದು ಪ್ರಯೋಗಾಲಯದ ಪ್ರಾಣಿಗಳನ್ನು. ಕ್ರೀಡಾ ತರಬೇತಿಯವರು ಆ ಯೋಚನೆಯನ್ನು ಆಮೇಲೆ ತಮ್ಮದಾಗಿಸಿಕೊಂಡರು.

ಹಾಗಾದರೆ ಮೊದಲ ಮೂರು ತಿಂಗಳು ವೇಗ ಏರಿದ್ದು ಹೇಗೆ ಅಂತ ಕೇಳಬಹುದು. ದೇಹದ ಎಲ್ಲಾ ಭಾಗವೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ತುಳಿಯಲು ಶುರು ಮಾಡಿದ ಮೊದಲ ಒಂದೆರಡು ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುವಿನ ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಹೆಚ್ಚುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸದಾಗಿ ತುಳಿಯುವವರಲ್ಲಿ ಉಸಿರು ತಯಾರಾಗಿರುತ್ತದೆ, ಮಂಡಿ ತಯಾರಾಗಿರುವುದಿಲ್ಲ. ನಿಮ್ಮ ಮಂಡಿ ನೋವಿನ ಒಂದು ಬೇರು ಇಲ್ಲಿದೆ. ಇನ್ನೊಂದು ಸೈಕಲ್‌ನಲ್ಲೇ ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಸೈಕಲ್ಲಿಗೆ ಇನ್ನೊಂದು ಗುಣವಿದೆ, ಅದು ಹೊಸಬರನ್ನು ದಾರಿ ತಪ್ಪಿಸುತ್ತದೆ. ಓಡುವವರ ಕಾಲು ಪ್ರತಿ ಹೆಜ್ಜೆಗೂ ನೆಲಕ್ಕೆ ಅಪ್ಪಳಿಸುತ್ತದೆ. ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಆ ಕೆಲಸದಿಂದಲೇ ಮರುದಿನದ ಬಿಗಿತ, ಮೈಕೈ ನೋವು ಬರುವುದು. ಒಂದರಿಂದ ಮೂರು ದಿನದೊಳಗೆ ಅದು ತುತ್ತತುದಿ ಮುಟ್ಟುತ್ತದೆ. ಸೈಕಲ್ ತುಳಿಯುವಾಗ ಸ್ನಾಯು ಹೆಚ್ಚಾಗಿ ಕುಗ್ಗುತ್ತಾ ಕೆಲಸ ಮಾಡುತ್ತದೆ, ಅಪ್ಪಳಿಕೆ ಇಲ್ಲವೇ ಇಲ್ಲ. ಹಾಗಾಗಿ ನೋವು ಕಡಿಮೆ. ಜಾಸ್ತಿ ಓಡಿದವನಿಗೆ ಮರುದಿನ ಕಾಲೇ ಬೇಡ ಅನ್ನುತ್ತದೆ. ಜಾಸ್ತಿ ತುಳಿದವನಿಗೆ ಕಾಲು ಏನೂ ಹೇಳುವುದಿಲ್ಲ. "ನೋವಿಲ್ಲ ಅಲ್ವಾ, ಇವತ್ತೂ ಹೋಗೋಣ" ಅನಿಸುತ್ತದೆ. ನೋವಿಲ್ಲ ಅಂದ ಮಾತ್ರಕ್ಕೆ ದಣಿವು ಆರಿದೆ ಅಂತ ಅಲ್ಲ. ಅದಕ್ಕೇ ನಾಡಿ, ನಿದ್ದೆ, ಮನಸ್ಸು ಇವನ್ನು ನೋಡಬೇಕು.

ನೀವು ನಾಡಿ ನೋಡಿಕೊಂಡಿರುವುದು ಬಹಳ ಒಳ್ಳೆಯದಾಯಿತು. ಒಂದು ದಿನ ಎಂಟು ಬಡಿತ ಜಾಸ್ತಿಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೆಖೆ, ನೀರು ಕಡಿಮೆ ಕುಡಿದದ್ದು, ತಡವಾಗಿ ಮಲಗಿದ್ದು ಯಾವುದೂ ಕಾರಣವಿರಬಹುದು. ಆದರೆ ದಿನಗಟ್ಟಲೆ ಮೇಲೆಯೇ ಇದ್ದು, ಅದರ ಜೊತೆಗೆ ವೇಗ ಇಳಿದು ನಿದ್ದೆಯೂ ಕೆಟ್ಟರೆ ಅದು ದೇಹದ ಸ್ಪಷ್ಟ ಮಾತು. ದಣಿದವರಿಗೆ ಗಾಢ ನಿದ್ದೆ ಬರಬೇಕಲ್ಲ ಅಂತ ಅನಿಸುತ್ತದೆ. ಹದ ಮೀರಿ ದಣಿದವರಿಗೆ ಬರುವುದಿಲ್ಲ. ದೇಹ ಎಚ್ಚರದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ತೊಂದರೆ ರಜೆ ಕಡಿಮೆ ಅನ್ನುವುದಷ್ಟೇ ಅಲ್ಲ. ಆರು ದಿನವೂ ಒಂದೇ ದಾರಿ, ಒಂದೇ ಹೊತ್ತು, ಒಂದೇ ಜೋರು. ನಿಧಾನದ ದಿನ ಅಂತ ಒಂದೂ ಇಲ್ಲ, ನಿಜವಾಗಿ ಜೋರಾದ ದಿನವೂ ಒಂದೂ ಇಲ್ಲ. ದಣಿವು ಆರುವಷ್ಟು ಹಗುರವಲ್ಲ, ಮೈಯನ್ನು ಮುಂದಕ್ಕೆ ತಳ್ಳುವಷ್ಟು ಕಠಿಣವೂ ಅಲ್ಲ. ನನ್ನ ಬಳಿ ಬರುವ ಹತ್ತು ಹೊಸಬರಲ್ಲಿ ಎಂಟು ಜನ ಇದೇ ನಡುವಿನ ಜೋರಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಬೆವರು ಬರುತ್ತದೆ, ಒಳ್ಳೆಯ ಕೆಲಸ ಮಾಡಿದೆ ಅನಿಸುತ್ತದೆ. ಅದಕ್ಕೇ ಬಿಡಲು ಮನಸ್ಸಾಗುವುದಿಲ್ಲ.

ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೋಣಿ ಹುಟ್ಟು ಹಾಕುವವರು, ಹಿಮದ ಮೇಲೆ ಸ್ಕೀ ಮಾಡುವವರು, ಸೈಕ್ಲಿಸ್ಟ್‌ಗಳು ಹೀಗೆ ದೂರ ಸಾಗುವ ಕ್ರೀಡೆಗಳ ಅಗ್ರ ಆಟಗಾರರ ಅಭ್ಯಾಸವನ್ನು ನೋಡಿದರು. ಅವರ ಅಭ್ಯಾಸದ ಸರದಿಗಳಲ್ಲಿ ಸುಮಾರು 80 ಪಾಲು ಹಗುರ, 20 ಪಾಲು ಮಾತ್ರ ಕಠಿಣ. ಜಗತ್ತಿನ ಅತಿ ಬಲಶಾಲಿ ಕಾಲುಗಳು ಹೆಚ್ಚು ಹೊತ್ತು ನಿಧಾನವಾಗಿ ತುಳಿಯುತ್ತವೆ. ಇದನ್ನು ಕೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ರಸ್ತೆಗಿಳಿದಾಗ ಮಾಡುವವರು ಕಡಿಮೆ.

ಒಮ್ಮೆ ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರ "ಹಗುರ ದಿನ" ಹೇಗಿರುತ್ತದೆ ನೋಡೋಣ ಅಂತ ಹಿಂದೆಯೇ ಹೋದೆ. ಹತ್ತೇ ನಿಮಿಷದಲ್ಲಿ ಅವರ ಹೆಗಲು ಕಿವಿಯ ಹತ್ತಿರ ಬಂದಿತ್ತು. ಹ್ಯಾಂಡಲ್ ಹಿಡಿದ ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಸಣ್ಣ ಏರು ಬಂತು, ಗೇರ್ ಬದಲಿಸಲಿಲ್ಲ, ಸೀಟಿನಿಂದ ಎದ್ದು ತುಳಿದರು. ಪಕ್ಕಕ್ಕೆ ಹೋಗಿ, ನಿನ್ನೆ ಕೆಲಸ ಹೇಗಿತ್ತು ಅಂತ ಕೇಳಿದೆ. "ಹೂಂ" ಅಂದರು. ಸ್ವಲ್ಪ ಬಿಟ್ಟು "ಚೆನ್ನಾಗಿತ್ತು" ಅಂದರು. ಅಷ್ಟೇ. ಎರಡು ಗೇರ್ ಹಗುರ ಮಾಡಿ, ನಿನ್ನೆಯ ಕತೆಯನ್ನು ಪೂರ್ತಿ ಹೇಳಿ ಅಂದೆ. ನಿಧಾನವಾದ ಮೇಲೆ ಮಾತು ಬಂತು. ಅಷ್ಟರಲ್ಲಿ ವಯಸ್ಸಾದವರೊಬ್ಬರು ನಮ್ಮನ್ನು ದಾಟಿ ಹೋದರು. ನನ್ನ ಜೊತೆಯಲ್ಲಿದ್ದವರ ಬೆರಳು ತಾನಾಗಿಯೇ ಗೇರಿನ ಮೇಲೆ ಹೋಯಿತು. "ಬಿಡಿ, ಹೋಗಲಿ" ಅಂದೆ. ಆ ಬೆರಳನ್ನು ವಾಪಸ್ ತೆಗೆದರಲ್ಲ, ಅವತ್ತಿನ ಅಭ್ಯಾಸದಲ್ಲಿ ಅತಿ ಕಷ್ಟದ ಕೆಲಸ ಅದೇ ಆಗಿತ್ತು.

ಹಗುರ ಅಂದರೆ ಎಷ್ಟು ಅನ್ನುವುದಕ್ಕೆ ನಿಮಗೆ ಯಂತ್ರ ಬೇಕಿಲ್ಲ. ಉಸಿರಿಗೆ ತಡೆಯದೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಒಬ್ಬರೇ ಹೋಗುತ್ತಿದ್ದರೆ ಗಟ್ಟಿಯಾಗಿ ನಿಮಗೆ ನೀವೇ ಮಾತಾಡಿಕೊಳ್ಳಿ. ವಾಕ್ಯದ ನಡುವೆ ಉಸಿರು ಎಳೆದುಕೊಳ್ಳಬೇಕಾಯಿತು ಅಂದರೆ ಜೋರಾಯಿತು. ಎದೆಬಡಿತದ ಯಂತ್ರ ಇದ್ದರೆ ಬಳಸಿ, ಆದರೆ 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನು ಪೂರ್ತಿ ನಂಬಬೇಡಿ. ನಿಮಗೆ ಅದು 182 ಅನ್ನುತ್ತದೆ. ನಿಜವಾದ ಗರಿಷ್ಠ ಬಡಿತ ಅದಕ್ಕಿಂತ ಹತ್ತು ಹನ್ನೆರಡು ಮೇಲೋ ಕೆಳಗೋ ಇರುವುದು ಸಾಮಾನ್ಯ. ಮಾತಿನ ಪರೀಕ್ಷೆಯೇ ವಾಸಿ.

ಲೆಕ್ಕ ಇಡಲು ಒಂದು ಸುಲಭದ ದಾರಿಯೂ ಇದೆ. ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ಸಂಶೋಧಕರು ಹೇಳಿಕೊಟ್ಟದ್ದು. ಸವಾರಿ ಮುಗಿದು ಅರ್ಧ ಗಂಟೆಯಾದ ಮೇಲೆ, ಒಟ್ಟಾರೆ ಎಷ್ಟು ಕಷ್ಟವಾಯಿತು ಅಂತ ಹತ್ತಕ್ಕೆ ಅಂಕ ಕೊಡಿ. ಅದನ್ನು ನಿಮಿಷಗಳಿಂದ ಗುಣಿಸಿ. ನಿಮ್ಮ ಸವಾರಿಗೆ ನೀವು 6 ಕೊಡುತ್ತೀರಿ ಅಂದುಕೊಳ್ಳೋಣ. 75 ನಿಮಿಷಕ್ಕೆ 450. ಆರು ದಿನಕ್ಕೆ 2700. ಮೊತ್ತದ ಜೊತೆಗೆ ಫಾಸ್ಟರ್ ಇನ್ನೊಂದನ್ನೂ ಗಮನಿಸಿದರು. ದಿನದಿನದ ಹೊರೆಯಲ್ಲಿ ಏರಿಳಿತವೇ ಇಲ್ಲದೆ ಒಂದೇ ಸಮ ಹೋದರೆ, ಹೊರೆ ದೊಡ್ಡದಿದ್ದಾಗ ಕಾಯಿಲೆ ಬೀಳುವುದು ಜಾಸ್ತಿ. ಗಾಣದೆತ್ತಿನ ಸುತ್ತು ಎತ್ತಿಗೂ ಒಳ್ಳೆಯದಲ್ಲ, ನಮಗೂ ಅಲ್ಲ.

ಮೇಲೆ ಹೇಳಿದ ಹತ್ತು ದಿನ ಕಳೆದ ಮೇಲೆ ವಾರಕ್ಕೆ ನಾಲ್ಕು ಸವಾರಿ ಸಾಕು. ಮಂಗಳವಾರ ಜೋರು. 15 ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಆಮೇಲೆ ನಾಲ್ಕು ನಾಲ್ಕು ನಿಮಿಷದ ನಾಲ್ಕು ಜೋರು ಸುತ್ತು, ನಡುವೆ ಮೂರು ಮೂರು ನಿಮಿಷ ಹಗುರ, ಉಳಿದದ್ದು ತಣ್ಣಗೆ ಮನೆಗೆ. ಒಟ್ಟು ಒಂದು ಗಂಟೆ. ಜೋರು ಅಂದರೆ ಎರಡು ಮೂರು ಪದ ಮಾತ್ರ ಹೇಳಲು ಆಗಬೇಕು, ಆದರೆ ನಾಲ್ಕನೆಯ ಸುತ್ತನ್ನೂ ಮೊದಲಿನಷ್ಟೇ ಬಲವಾಗಿ ಮುಗಿಸಲು ಆಗಬೇಕು. ಗುರುವಾರ ಮತ್ತು ಶನಿವಾರ 50 ನಿಮಿಷ ಹಗುರ. ಭಾನುವಾರ ಎರಡು ಗಂಟೆ, ಅದೂ ಮಾತಾಡುವ ವೇಗದಲ್ಲೇ. ಸೋಮವಾರ, ಬುಧವಾರ, ಶುಕ್ರವಾರ ಸೈಕಲ್ ಗೋಡೆಗೆ. ಮಂಗಳವಾರಕ್ಕೆ 7, ಹಗುರ ದಿನಗಳಿಗೆ 3, ಭಾನುವಾರಕ್ಕೆ 4 ಅಂತ ಹಾಕಿದರೆ ವಾರದ ಮೊತ್ತ 1200. ನಿಮ್ಮ ಈಗಿನ ಹೊರೆಯ ಅರ್ಧಕ್ಕಿಂತ ಕಡಿಮೆ, ಆದರೂ ಇದರಲ್ಲಿ ನೀವು ಈಗ ಮಾಡದೇ ಇರುವಷ್ಟು ಕಠಿಣವಾದ ಒಂದು ದಿನ ಇದೆ. ನಿಮ್ಮ ದಿನಗಳು ಬೇರೆಯಾಗಿದ್ದರೆ ಬದಲಿಸಿಕೊಳ್ಳಿ. ಜೋರು ದಿನದ ಹಿಂದೆ ಮುಂದೆ ಬಿಡುವಿರಲಿ, ಅಷ್ಟೇ. ಎರಡು ಜೋರು ದಿನ ಸದ್ಯಕ್ಕೆ ಬೇಡ, ಮೂರು ತಿಂಗಳಾದ ಮೇಲೆ ಯೋಚಿಸೋಣ.

ಮೂರು ವಾರ ಹೀಗೆ ಮಾಡಿ, ನಾಲ್ಕನೇ ವಾರ ಹೊತ್ತನ್ನು ಅರ್ಧಕ್ಕೆ ಇಳಿಸಿ. ಮೈ ಚೆನ್ನಾಗಿದ್ದರೂ ಇಳಿಸಿ. ಸುಸ್ತಾದ ಮೇಲೆ ರಜೆ ಮಾಡುತ್ತೇನೆ ಅನ್ನುವವರು ಯಾವಾಗಲೂ ಒಂದು ವಾರ ತಡವಾಗಿ ರಜೆ ಮಾಡುತ್ತಾರೆ. ಹೊತ್ತು ಹೆಚ್ಚಿಸುವಾಗ ಭಾನುವಾರದ ಸವಾರಿಗೆ ಹದಿನೈದು ಇಪ್ಪತ್ತು ನಿಮಿಷ ಸೇರಿಸುತ್ತಾ ಹೋಗಿ. ಅದಕ್ಕಿಂತ ಅವಸರ ಬೇಡ.

ರಜೆಯ ದಿನ ಏನು ಮಾಡಬೇಕು? ಏನೂ ಮಾಡಬೇಡಿ. ಫ್ರಾನ್ಸಿನ ಹೆಸರಾಂತ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್‌ನಲ್ಲಿ 23 ದಿನಕ್ಕೆ 21 ಹಂತ, ಎರಡೇ ವಿಶ್ರಾಂತಿ ದಿನ. ಆ ಎರಡು ದಿನವೂ ಸವಾರರು ಒಂದೆರಡು ಗಂಟೆ ಹಗುರವಾಗಿ ತುಳಿಯುತ್ತಾರೆ. ಅದನ್ನು ನೋಡಿ ಹೊಸಬರು "ವಿಶ್ರಾಂತಿ ದಿನವೂ ತುಳಿಯಬೇಕು" ಅಂದುಕೊಳ್ಳುತ್ತಾರೆ. ಹತ್ತಾರು ವರ್ಷ ತುಳಿದ ಕಾಲಿಗೆ ಅದು ಬಿಡುವು, ನಿಮ್ಮ ಕಾಲಿಗೆ ಅದು ಇನ್ನೊಂದು ದಿನದ ದುಡಿತ. ಸ್ವಲ್ಪ ನಡೆದಾಡಿ, ಸಾಕು. ಮನೆ ಬದಲಿಸಿದ ದಿನ, ಆಫೀಸಿನಲ್ಲಿ ಜಗಳವಾದ ದಿನ, ಮಗುವಿಗೆ ಜ್ವರ ಬಂದು ರಾತ್ರಿಯಿಡೀ ಎದ್ದಿದ್ದ ದಿನ, ಇವೂ ದೇಹಕ್ಕೆ ಹೊರೆಯೇ. ಅಂಥ ವಾರ ಮಂಗಳವಾರದ ಜೋರು ಸವಾರಿಯನ್ನು ಹಗುರ ಮಾಡಿಕೊಳ್ಳಿ.

ನಿದ್ದೆಗೆ ಸಮನಾದದ್ದು ಇನ್ನೊಂದಿಲ್ಲ. ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲೇ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು. ದೊಡ್ಡವರಿಗೆ 7ರಿಂದ 9 ಗಂಟೆ ಬೇಕು, ತುಳಿಯುವವರಿಗೆ ಆ ಲೆಕ್ಕದ ಮೇಲಿನ ತುದಿ. ಐದು ಗಂಟೆ ಮಲಗಿ ಬೆಳಗಿನ ಜಾವ ಎದ್ದು ತುಳಿಯುವುದಕ್ಕಿಂತ ಆ ದಿನ ಮಲಗಿಬಿಡುವುದೇ ಮೇಲು. ಮಂಜಿನ ನೀರಿನ ಸ್ನಾನ, ಮಸಾಜ್ ಯಂತ್ರ, ಬಿಗಿಯಾದ ಕಾಲುಚೀಲ, ಇವುಗಳಿಂದ ಹಾಯೆನಿಸಿದರೆ ಬಳಸಿ. ಕೆಟ್ಟ ನಿದ್ದೆಯನ್ನು ಅವು ಯಾವುದೂ ತುಂಬಿಕೊಡುವುದಿಲ್ಲ.

ಊಟದ ವಿಷಯಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಸಾಲು ಇತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಇರುತ್ತದೆ. ತುಳಿಯಲು ಮುಖ್ಯ ಇಂಧನ ಅದು. ಖಾಲಿಯಾದ ಸ್ನಾಯು ಮತ್ತೆ ತುಂಬಲು, ಸಾಕಷ್ಟು ಕಾರ್ಬೋಹೈಡ್ರೇಟ್ ತಿಂದರೂ, ಸುಮಾರು ಒಂದು ದಿನ ಬೇಕು. ನೀವು ಬೆಳಿಗ್ಗೆ ಖಾಲಿ ಮಾಡುತ್ತೀರಿ, ರಾತ್ರಿ ತುಂಬಿಸುವುದಿಲ್ಲ, ಮರುದಿನ ಅರ್ಧ ಖಾಲಿ ಕಾಲಿನಲ್ಲಿ ಮತ್ತೆ ಹೊರಡುತ್ತೀರಿ. ತೊಡೆ ಭಾರವಾಗದೆ ಇನ್ನೇನಾದೀತು? ದೀರ್ಘಕಾಲ ಹೀಗೆ ಉಂಡದ್ದು ಕಡಿಮೆ, ದುಡಿದದ್ದು ಜಾಸ್ತಿ ಆದರೆ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲವೂ ಸೊರಗುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದರ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತು. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪುವುದು ಇದರ ದೊಡ್ಡ ಸೂಚನೆ, ಅದನ್ನು ಎಂದೂ ಸಹಜ ಅಂತ ಬಿಡಬಾರದು. ತೂಕ ಇಳಿಸಬೇಕೆಂದರೆ ರಜೆಯ ದಿನಗಳಲ್ಲಿ ಒಂದಿಷ್ಟು ಕಡಿಮೆ ತಿನ್ನಿ, ತುಳಿದ ದಿನ ಬೇಡ. ಪ್ರೋಟೀನ್ ದೇಹತೂಕದ ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಇರಲಿ, ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಭಾನುವಾರದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದಾರಿಯಲ್ಲೇ ತಿನ್ನಿ. ಹಸಿವಾಗುವ ತನಕ ಕಾಯಬೇಡಿ.

ಮಂಡಿಯ ಮುಂಭಾಗದ ನೋವಿಗೆ ಮೊದಲು ಸೀಟು ನೋಡಿ. ಸೀಟು ತಗ್ಗಾಗಿದ್ದರೆ ಮುಂಭಾಗ ನೋಯುತ್ತದೆ, ಎತ್ತರವಾಗಿದ್ದರೆ ಸಾಮಾನ್ಯವಾಗಿ ಹಿಂಭಾಗ. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು, ಪೆಡಲ್ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಸೊಂಟ ವಾಲದೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವಿಟ್ಟು ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಜೊತೆಗೆ ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದನ್ನು ಬಿಡಿ. ನಿಮಿಷಕ್ಕೆ 80ರಿಂದ 90 ಸುತ್ತು ತಿರುಗುವ ಹಗುರ ಗೇರ್ ಹಾಕಿ.

ಗಳಿಸಿದ್ದೆಲ್ಲ ಹೋಗುತ್ತದೆ ಅನ್ನುವ ಭಯದ ಬಗ್ಗೆ. ಈ ಹತ್ತು ದಿನದಲ್ಲಿ ರಕ್ತದ ದ್ರವಾಂಶ ಸ್ವಲ್ಪ ಇಳಿಯಬಹುದು. ಮತ್ತೆ ತುಳಿಯಲು ಶುರು ಮಾಡಿದರೆ ಬೇಗ ವಾಪಸ್ ಬರುತ್ತದೆ. ಉಳಿದದ್ದು ಬಹುತೇಕ ಹಾಗೇ ಇರುತ್ತದೆ. ದೊಡ್ಡ ಸ್ಪರ್ಧೆಗೆ ಮುಂಚೆ ನುರಿತ ಸವಾರರು ಬೇಕೆಂದೇ ಎರಡು ವಾರ ತಮ್ಮ ಅಭ್ಯಾಸದ ಹೊತ್ತನ್ನು ಶೇಕಡಾ 40ರಿಂದ 60ರಷ್ಟು ಇಳಿಸುತ್ತಾರೆ. ಇಳಿಸಿದ್ದರಿಂದಲೇ ವೇಗವಾಗುತ್ತಾರೆ. ಇತ್ತ ಬಿಡುವಿಲ್ಲದೆ ಮುಂದುವರಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಸ್ವಲ್ಪ ಹದ ಮೀರಿದ ದಣಿವು ಕೆಲವು ದಿನದಲ್ಲಿ ಆರುತ್ತದೆ. ಇನ್ನೂ ಮುಂದೆ ಹೋದರೆ ವಾರಗಳು, ಪೂರ್ತಿ ಮುರಿದುಬಿದ್ದರೆ ತಿಂಗಳುಗಳೇ ಬೇಕಾಗುತ್ತವೆ. ನೀವು ಈಗ ಮೊದಲೆರಡರ ನಡುವೆ ಇದ್ದೀರಿ ಅಂತ ನನ್ನ ಅಂದಾಜು. ತಡವೇನೂ ಆಗಿಲ್ಲ.

ಕೆಲವು ಸಂದರ್ಭಗಳಲ್ಲಿ ನನ್ನ ಮಾತನ್ನೂ ಬದಿಗಿಟ್ಟು ನೇರ ವೈದ್ಯರ ಹತ್ತಿರ ಹೋಗಬೇಕು. ತುಳಿಯುವಾಗ ಎದೆನೋವು, ತಲೆ ಸುತ್ತಿ ಬೀಳುವುದು, ಬಡಿತ ತಪ್ಪಿದಂತಾಗುವುದು. ಅತಿ ಕಠಿಣ ಸವಾರಿಯ ಮರುದಿನ ತೊಡೆ ಊದಿಕೊಂಡು, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುವುದು. ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಏಟು ಬೀಳುವ ಲಕ್ಷಣ, ಹೊಸಬರಲ್ಲೂ ಕಾಣುತ್ತದೆ, ಒಂದು ಗಂಟೆಯೂ ಕಾಯಬಾರದು. ಜ್ವರ ಇದ್ದಾಗ ಸೈಕಲ್ ಹತ್ತಲೇಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ತಗಲುತ್ತವೆ.

ಹಾಸಿಗೆಯ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳಿ. ಎದ್ದ ಕೂಡಲೇ, ಕಾಲು ನೆಲಕ್ಕಿಡುವ ಮೊದಲು, ನಾಡಿ ಎಣಿಸಿ ಬರೆಯಿರಿ. ಪಕ್ಕದಲ್ಲಿ ಎಷ್ಟು ಗಂಟೆ ಮಲಗಿದ್ದಿರಿ, ಇವತ್ತು ತುಳಿಯಲು ಮನಸ್ಸಿದೆಯೋ ಇಲ್ಲವೋ ಅನ್ನುವುದನ್ನೂ ಬರೆಯಿರಿ. ಹತ್ತನೇ ದಿನ ನಾಡಿ 58, 60ರ ಹತ್ತಿರ ಬಂದು, ಮೆಟ್ಟಿಲು ಹತ್ತುವಾಗ ತೊಡೆಯ ನೆನಪೇ ಬಾರದಿದ್ದರೆ ಮಂಗಳವಾರದ ಜೋರು ಸವಾರಿ ಶುರು ಮಾಡಿ. ಬರದಿದ್ದರೆ ಇನ್ನೂ ಒಂದು ವಾರ ಹಗುರವಾಗಿಯೇ ಇರಿ. ಆಗಲೂ 66ರಲ್ಲೇ ನಿಂತಿದ್ದರೆ ಆ ಪುಸ್ತಕ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ, ರಕ್ತದಲ್ಲಿ ಕಬ್ಬಿಣದ ಸಂಗ್ರಹ ಮತ್ತು ಥೈರಾಯ್ಡ್ ನೋಡಿಸಿ. ಅವೆರಡರಲ್ಲಿ ಏರುಪೇರಾದರೂ ಹೀಗೇ ಕಾಲು ಭಾರವಾಗುತ್ತದೆ.